ಮೆತ್ತಗಾದ ಜೋಡು

“ಗುರುಗಳೇ, ಸಂತೆಯಲ್ಲಿದ್ದ ಕಂಬಳಿಗಳಲ್ಲೆಲ್ಲ ಇದೇ ಮೇಲು. ಆರಿಸಿದವನು ನಾನು, ತಪ್ಪುವ ಮಾತೇ ಇಲ್ಲ. ನನ್ನನ್ನು ಸಾಕಿದ ಅಕ್ಕನಿಗೆಂದು ತಂದೆ. ಆದರೆ ಹೊಸದು, ಮೈಗೆ ಚುಚ್ಚುತ್ತದೆ. ಈ ಚಳಿಗಾಲ ನಾನೇ ಹೊದ್ದು ಮೆತ್ತಗೆ ಮಾಡಿ, ಆಮೇಲೆ ಒಯ್ದು ಕೊಡಲೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ರೈತನಿದ್ದ. ಅವನ ತಂಗಿಯನ್ನು ಹಳ್ಳದಾಚೆಯ ಊರಿಗೆ ಕೊಟ್ಟಿತ್ತು. ನಾಗರ ಪಂಚಮಿಗೆ ಅಣ್ಣ ಹೋಗಿ ಕರೆದರೆ ಮಾತ್ರ ಅವಳು ತವರಿಗೆ ಬರುವುದು. ಹಿಂದಿನ ವರ್ಷ ಯಾವುದೋ ಮಾತಿಗೆ ಮುನಿಸಾಗಿ ಅವನು ಹೋಗಿರಲಿಲ್ಲ. ಆ ವರ್ಷವೆಲ್ಲ ಅವಳ ನೆನಪಿನಲ್ಲೇ ಕಳೆದ.

ಈ ಸಲ ಹೋಗಲೇಬೇಕೆಂದು ಹೊಸ ಚಪ್ಪಲಿ ಜೋಡು ಹೊಲಿಸಿದ. ಚಿಕ್ಕಂದಿನಲ್ಲಿ ತಂಗಿಯನ್ನು ಹೊತ್ತು ಹಳ್ಳ ದಾಟುವಾಗ ಕಲ್ಲಿಗೆ ಬಡಿದು, ಅವನ ಎಡಗಾಲಿನ ಕಿರುಬೆರಳು ಹೊರಕ್ಕೆ ತಿರುಗಿತ್ತು. ಅದಕ್ಕೆ ಎಡದ ಚಪ್ಪಲಿಯನ್ನು ಅಗಲ ಮಾಡಿಸಿದ.

ಜೋಡು ಕಚ್ಚಿತು. ಊರೆಲ್ಲ ಬುದ್ಧಿ ಹೇಳಿತು. ಒಬ್ಬರು ಹರಳೆಣ್ಣೆ ಹಚ್ಚು ಎಂದರು, ಒಬ್ಬರು ನೀರಿನಲ್ಲಿ ನೆನೆಹಾಕು ಎಂದರು. ಅವನು ಎಲ್ಲವನ್ನೂ ಮಾಡಿದ. ಕಚ್ಚುವುದು ನಿಲ್ಲಲಿಲ್ಲ.

ಆ ದಾರಿಯಲ್ಲಿ ಬಂದ ಕುರಿಗಾರನೊಬ್ಬ ನಕ್ಕ. “ಎಣ್ಣಿಗಿಣ್ಣಿ ಬಿಡೋ ಅಣ್ಣಾ. ನನ್ನ ಕಾಲಿಗೆ ಕೊಡು. ಎಂಥಾ ತೊಗಲಾದ್ರೂ ಈ ಕಾಲಿಗೆ ಸೋಲತದ. ಹಬ್ಬದೊಳಗ ತಂದುಕೊಡ್ತೀನಿ.”

ರೈತ ಕೊಟ್ಟ.

ಹಬ್ಬ ಹತ್ತಿರ ಬಂತು, ಕುರಿಗಾರ ಬರಲಿಲ್ಲ. ಹಳೆಯ ಜೋಡು ಮನೆಯಲ್ಲೇ ಇತ್ತು. ಅದನ್ನು ಮೆಟ್ಟಿ ಹೋದರೆ ತಂಗಿಯ ಮನೆಯವರ ಎದುರು ತಾನು ಸಣ್ಣವನಾಗುತ್ತೇನೆ ಎಂದುಕೊಂಡ. ಹೊಲದ ಬದುವಿನ ಮೇಲೆ ಕುಳಿತು ದಾರಿ ನೋಡಿದ. ಬದುವಿನಿಂದ ತಂಗಿಯ ಊರಿನ ಬೇವಿನಮರಗಳು ಕಾಣುತ್ತಿದ್ದವು.

ಹಬ್ಬ ಕಳೆದ ಮೇಲೆ ಕುರಿಗಾರ ಬಂದ.

“ತಡ ಆತು, ಕುರಿ ಈದಿದ್ವು. ಆದ್ರ ಜೋಡು ಮುಟ್ಟಿ ನೋಡು, ಬೆಣ್ಣಿ ಆಗ್ಯಾವ. ಮರ್ಯಾದಿನೂ ಏನ್ ಸಿಕ್ತೋ ಅಣ್ಣಾ ಇವನ್ನ ಮೆಟ್ಟಿದ್ದಕ್ಕ! ಹಳ್ಳದಾಚಿ ಊರಾಗ ಒಂದು ಮನಿ ಮೆಟ್ಟಿಲಿಗೆ ಇವನ್ನ ಬಿಟ್ಟು, ಕಟ್ಟಿ ಮೂಲ್ಯಾಗ ಕುಂತಿದ್ದೆ. ಒಬ್ಬಾಕಿ ಹೊರಗ ಬಂದ್ಲು. ನನ್ನ ನೋಡಲಿಲ್ಲ. ಎಡಗಾಲಿನ ಜೋಡು ನೋಡಿ ಒಳಗ ಓಡಿದ್ಲು. ತಂಬಿಗಿ ತುಂಬ ಕಾಲಿಗೆ ನೀರು ತಂದ್ಲು. ಕಂಕುಳಾಗ ಸೀರಿ ಗಂಟು ಬ್ಯಾರೆ, ಎಲ್ಲಿಗೋ ಹೊಂಟಂಗ. ನನ್ನ ಮುಖ ನೋಡಿ ತಂಬಿಗಿ ಅಲ್ಲೇ ಇಟ್ಟು ಒಳಗ ಹೋದ್ಲು. ನಾನೇನು ಬಿಡ್ತೀನಿ? ಕಾಲು ತೊಳಕೊಂಡು ಬಂದೆ.”

ರೈತ ಎಡಗಾಲಿನ ಜೋಡನ್ನು ಕೈಗೆತ್ತಿಕೊಂಡ.

“ಎಂದು?” ಎಂದು ಕೇಳಿದ.

“ಪಂಚಮಿ ಹಿಂದಿನ ದಿನ.”

ಕುರಿಗಾರ ಹೋದ ಮೇಲೆ ರೈತ ಜೋಡು ಮೆಟ್ಟಿ ಅಂಗಳದಲ್ಲಿ ನಡೆದು ನೋಡಿದ. ಎಲ್ಲಿಯೂ ಕಚ್ಚಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಂಬಳಿಯ ಅಂಚನ್ನು ತಿಕ್ಕುತ್ತ, “ಆದರೂ ಇದು ಚುಚ್ಚುತ್ತದಲ್ಲ ಗುರುಗಳೇ” ಎಂದ.

ಗುರು ಕೇಳಿದರು: “ಚಳಿಗಾಲ ನಿನ್ನ ಅಕ್ಕನ ಊರಿಗೂ ಬರುತ್ತದಲ್ಲವೇ?”