ಗೆರೆ ಒಣಗುವವರೆಗೆ

"ಗುರುಗಳೇ, ಕಾರಣ ಬದಲಾದರೆ ತೀರ್ಮಾನವೂ ಬದಲಾಗಬೇಕಲ್ಲವೇ?" ಎಂದು ಮರಿದೇವ ಕೇಳಿದ.

ಅವನು ಸಂಸಾರ ಬೇಡವೆಂದು ಮಠ ಸೇರಿದವನು. ಸಾರು ಸಪ್ಪೆಯಾದ ದಿನ ಅವನಿಗೆ ಸಂಸಾರವೇ ಮೇಲೆನಿಸುತ್ತಿತ್ತು. ಪಾಯಸವಿದ್ದ ದಿನ ವೈರಾಗ್ಯ ಮರಳುತ್ತಿತ್ತು. ಅವನ ಪಾಲಿನ ಅಕ್ಕಿ ಹಾಕಬೇಕೋ ಬೇಡವೋ ಎಂದು ಅಡುಗೆಯವನಿಗೆ ದಿನವೂ ಪೀಕಲಾಟ. ಅಂದು ಬೆಳಿಗ್ಗೆ ಕೂಡ ಅವನು ಊರಿಗೆಂದು ಹೊರಟು, ಹೊರಗಿನ ಹುಣಸೆಮರದವರೆಗೆ ಹೋಗಿ, ಹಿಂದಿರುಗಿದ್ದ.

"ಬದಲಾಗಬೇಕು" ಎಂದರು ಗುರುಗಳು. "ಕುಳಿತುಕೋ. ನಿಂತು ಕೇಳಿದರೆ ಕತೆ ಮುಗಿಯುವುದರೊಳಗೆ ನೀನು ಮತ್ತೆ ಹೊರಟಿರುತ್ತೀಯೆ."

ಮರಿದೇವ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಆ ದಡದಲ್ಲೊಂದು ಊರು, ಈ ದಡದಲ್ಲೊಂದು ಊರು. ನಡುವೆ ಓಡಾಡಲು ಒಂದೇ ದೋಣಿ. ಹೊಳೆ ಏರಿದಾಗ ದೋಣಿ ಬಿಡಬೇಕೋ ಬೇಡವೋ ಎಂಬುದನ್ನು ಮೊದಲೆಲ್ಲ ಅಂಬಿಗನೇ ತೀರ್ಮಾನಿಸುತ್ತಿದ್ದ. ಅದು ಜನರಿಗೆ ಹಿಡಿಸಲಿಲ್ಲ. ತನ್ನ ನೆಂಟರು ಬಂದರೆ ತುಂಬಿದ ಹೊಳೆಗೂ ಹೆದರುವುದಿಲ್ಲ, ನಾವು ಬಂದರೆ ಮೊಣಕಾಲುದ್ದ ನೀರಿಗೂ ಹೆದರುತ್ತಾನೆ ಎಂದು ದೂರಿದರು. ದೂರಿನಲ್ಲಿ ಸುಳ್ಳಿರಲಿಲ್ಲ.

ಈ ದಡದ ಹಿರಿಯರು ಸೇರಿ ನ್ಯಾಯ ಮಾಡಿದರು. ದೋಣಿ ಕಟ್ಟುವ ಕಲ್ಲಿನ ಮೇಲೆ ಒಂದು ಗೆರೆ ಕೊರೆಸಿದರು. ಗೆರೆ ಮುಳುಗಿದರೆ ದೋಣಿ ನಿಲ್ಲಬೇಕು. ಗೆರೆ ಕಂಡರೆ ದೋಣಿ ಹೊರಡಬೇಕು. ನೋಡಿಕೊಳ್ಳಲು ತಳವಾರನನ್ನು ಕೂರಿಸಿ ಅವನ ಕೈಗೆ ಕೊಂಬು ಕೊಟ್ಟರು. ಉದ್ದಕ್ಕೆ ಒಂದೇ ಕೂಗು ಊದಿದರೆ ಹೊರಟ ದೋಣಿಯೂ ನಡುಹೊಳೆ ದಾಟಿಲ್ಲದಿದ್ದರೆ ಹಿಂದಿರುಗಬೇಕು. ತುಂಡು ತುಂಡಾಗಿ ಊದಿದರೆ ಹೊರಡಬೇಕು. ಇನ್ನು ಯಾರ ಮುಲಾಜೂ ಇಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ತಳವಾರ ಲಂಚ ಮುಟ್ಟದವನು, ನೆಂಟರಿಲ್ಲದವನು, ಕಣ್ಣು ಚುರುಕಾದವನು. ಅಂಥ ಪ್ರಾಮಾಣಿಕನಿಂದ ಇಂಥ ಫಜೀತಿಯಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಈ ದಡದ ಒಬ್ಬ ವರ್ತಕನ ಮಗನಿಗೂ ಆ ದಡದ ಒಬ್ಬ ರೈತನ ಮಗಳಿಗೂ ಮದುವೆ ಗೊತ್ತಾಯಿತು. ಹುಡುಗ ಹುಡುಗಿಯನ್ನು ಒಪ್ಪಿದ್ದ. ಹುಡುಗಿಯೂ ಒಪ್ಪಿದ್ದಳು. ಬೀಗರು ಕೂಡ ಒಪ್ಪಿದ್ದರು. ಇಷ್ಟು ಒಪ್ಪಿಗೆ ಒಂದೇ ಮದುವೆಯಲ್ಲಿ ಕೂಡಿಬರುವುದು ಅಪರೂಪ.

ಮದುವೆಯ ದಿನ ಹೊಳೆ ಏರಿ ಗೆರೆಯ ಬುಡಕ್ಕೆ ಬಂದು ನಿಂತಿತು. ಗೆರೆ ಕಾಣುತ್ತಿತ್ತು. ತಳವಾರ ತುಂಡು ತುಂಡಾಗಿ ಊದಿದ. ಮದುಮಗ, ತಂದೆ, ತಾಯಿ, ಅತ್ತೆಯರು, ಪುರೋಹಿತರು, ವಾಲಗದವರು, ಹಣ್ಣಿನ ಬುಟ್ಟಿಗಳು ಎಲ್ಲವನ್ನೂ ಹೇರಿಕೊಂಡು ದೋಣಿ ದಡ ಬಿಟ್ಟಿತು. ವಾಲಗ ಶುರುವಾಯಿತು. ಆಚೆ ದಡದಲ್ಲಿ ಹೆಂಗಸರು ಆರತಿ ಹಿಡಿದು ಮೆಟ್ಟಿಲಿಳಿದರು.

ತುಂಬಿದ ದೋಣಿ ದಡ ಬಿಟ್ಟರೆ ನೀರು ತುಳುಕುತ್ತದೆ. ತುಳುಕಿದ ನೀರು ಕಲ್ಲಿಗೆ ಬಡಿದು ಗೆರೆಯನ್ನು ಮುಳುಗಿಸಿತು. ತಳವಾರ ಉದ್ದಕ್ಕೆ ಊದಿದ. ಅಂಬಿಗ ದೋಣಿ ತಿರುಗಿಸಿದ. ವಾಲಗ ನಿಂತಿತು. ಆಚೆ ದಡದ ಆರತಿ ಮೆಟ್ಟಿಲು ಹತ್ತಿತು.

ದೋಣಿ ದಡಕ್ಕೆ ಬಂದು ನಿಂತಿತು. ನೀರು ಶಾಂತವಾಯಿತು. ಗೆರೆ ಕಂಡಿತು. ತಳವಾರ ತುಂಡು ತುಂಡಾಗಿ ಊದಿದ. ದೋಣಿ ಹೊರಟಿತು. ನೀರು ತುಳುಕಿತು. ತಳವಾರ ಉದ್ದಕ್ಕೆ ಊದಿದ.

"ಗುರುಗಳೇ, ಆ ತಳವಾರನಿಗೆ ಅಷ್ಟೂ ತಿಳಿಯಲಿಲ್ಲವೇ?" ಎಂದು ಮರಿದೇವ ನಕ್ಕ.

ತಿಳಿಯುವುದು ಅವನ ಕೆಲಸವಲ್ಲ, ಊದುವುದು ಅವನ ಕೆಲಸ ಎಂದರು ಗುರುಗಳು.

ಮತ್ತೆ ದೋಣಿ ಹಿಂದಿರುಗಿದಾಗ ವರ್ತಕ ದಡಕ್ಕೆ ಹಾರಿ ತಳವಾರನ ಮೇಲೆ ಏರಿಹೋದ. "ಏನಯ್ಯಾ, ನಿನಗೆ ಕಣ್ ಕಾಣ್ತದೋ ಇಲ್ವೋ?"

"ಕಣ್ಣು ಕಾಣ್ತದೆ ಸ್ವಾಮಿ. ಗೆರೆ ಕಾಣಾಕಿಲ್ಲ."

ವರ್ತಕ ಬಗ್ಗಿ ನೋಡಿದ. ಅಷ್ಟರಲ್ಲಿ ನೀರು ಇಳಿದು ಗೆರೆ ಕಂಡಿತ್ತು. ಮೇಲೆದ್ದು ಬೈಯಲು ಬಾಯಿ ತೆರೆದ. ತಳವಾರ ಅವನ ಕಿವಿಯ ಪಕ್ಕದಲ್ಲೇ ತುಂಡು ತುಂಡಾಗಿ ಊದಿದ. ವರ್ತಕ ದೋಣಿಗೆ ಓಡಿದ.

ಹೀಗೇ ನಡೆಯಿತು. ಮದುಮಗನ ಬಾಸಿಂಗ ಒಂದು ಕಿವಿಗೆ ಜಾರಿತು. ಅವನಿಗೆ ತಲೆ ಸುತ್ತತೊಡಗಿತು. ಅತ್ತೆಯರು ಬುಟ್ಟಿಯ ಹಣ್ಣಿಗೆ ಕೈಹಾಕಿದರು. ಪುರೋಹಿತರು ಮಾತ್ರ ಧಾರಾಳಿ. ಮುಹೂರ್ತ ತಪ್ಪಿದಾಗಲೆಲ್ಲ ಅದಕ್ಕಿಂತ ಶುಭವಾದ ಮುಹೂರ್ತವನ್ನು ಅವರು ಬೆರಳೆಣಿಸಿ ಹುಡುಕಿಕೊಡುತ್ತಿದ್ದರು. ವಾಲಗದವನು ಊದಿ ಊದಿ ಸೋತು, ಕೊನೆಗೆ ಕೊಂಬಿನ ಕೂಗಿಗೇ ಶ್ರುತಿ ಸೇರಿಸಿದ.

ಈ ದಡದವರಿಗೆ ಇದು ನೀರಿನ ಕಾಟ. ಆ ದಡದವರಿಗೆ ಹಾಗೆ ಕಾಣಲಿಲ್ಲ. ಕಲ್ಲು ಇತ್ತ ಇದೆ, ಗೆರೆ ಇತ್ತ ಇದೆ, ಕೊಂಬಿನ ಕೂಗು ವಾಲಗದಲ್ಲಿ ಬೆರೆತುಹೋಗುತ್ತಿತ್ತು. ಅವರಿಗೆ ಕಂಡದ್ದು ಇಷ್ಟೇ: ಗಂಡು ಬರುತ್ತಾನೆ, ಹೋಗುತ್ತಾನೆ.

ಮೊದಲ ಸಲ ಹಿಂದಿರುಗಿದಾಗ, ತಾಳಿ ಮರೆತಿರಬೇಕು ಎಂದು ನಕ್ಕರು. ಮತ್ತೊಮ್ಮೆ ಹಿಂದಿರುಗಿದಾಗ, ಯಾರೋ ಹಿರಿಯರು ಮುನಿಸಿಕೊಂಡಿರಬೇಕು ಎಂದರು. ಆಮೇಲೆ ಯಾರೂ ನಗಲಿಲ್ಲ. ಹುಡುಗಿಯ ಸೋದರಮಾವ ತೊಡೆ ತಟ್ಟಿ ಎದ್ದ. "ಗಂಡಿಗೆ ಮನಸಿಲ್ಲ ಕಣ್ರೋ. ಹೊಳೆ ಮಧ್ಯಕ್ಕೆ ಬಂದು ನಮ್ ಹುಡುಗೀನ ದೂರದಿಂದ ನೋಡ್ತಾನೆ, ಬ್ಯಾಡ ಅಂತ ತಿರುಗ್ತಾನೆ. ನಾವೇನು ಸಂತೇಲಿ ಎಮ್ಮೆ ನಿಲ್ಸಿದೀವಾ?"

ಹುಡುಗಿ ಹಸೆಯ ಮೇಲಿಂದ ಎದ್ದು ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ದೋಣಿ ಮತ್ತೆ ತಿರುಗಿದ್ದನ್ನು ಅವಳೂ ನೋಡಿದಳು. "ಅಪ್ಪಾ, ಬರಾಕಿಲ್ಲ ಅಂದಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ. ಇನ್ನು ಊರೆಲ್ಲ ನನ್ನ ಅರ್ಧಹೊಳೆ ಹುಡುಗಿ ಅಂತ ಕರೀತದೆ" ಎಂದಳು.

ರೈತನಿಗೆ ಅದನ್ನು ತಾಳಲಾಗಲಿಲ್ಲ. ತನ್ನ ಅಕ್ಕನ ಮಗನನ್ನು ಕರೆದ. ಅವನು ಊಟಕ್ಕೆ ಬಂದವನು, ಎಲೆ ಹಾಕುವುದನ್ನೇ ಕಾಯುತ್ತಿದ್ದ. ರೈತ ಅವನ ತಲೆಗೆ ಪೇಟ ಇಟ್ಟು, "ದೋಣಿ ಇನ್ನೊಂದ್ಸಲ ತಿರುಗಿದ್ರೆ ನೀನೇ ಅಳಿಯ" ಎಂದ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಊಟ ಯಾವಾಗ ಎಂದು ಕೇಳಿದ.

ಆಗ ದೋಣಿ ಈ ದಡದಲ್ಲಿತ್ತು. ತಳವಾರ ತುಂಡು ತುಂಡಾಗಿ ಊದಿದ. ಅಂಬಿಗ ಏಳಲಿಲ್ಲ. ಹಗ್ಗ ತೆಗೆದುಕೊಂಡು ದೋಣಿಯನ್ನು ಕಲ್ಲಿಗೆ ಬಿಗಿಯಾಗಿ ಕಟ್ಟಿದ. ಹುಟ್ಟನ್ನು ದಡಕ್ಕೆ ಎಸೆದ. ಬುತ್ತಿ ಬಿಚ್ಚಿ ರೊಟ್ಟಿ ಮುರಿದ.

"ಗೆರೆ ಕಾಣ್ತಾ ಅದೆ, ಹೊರಡು" ಎಂದ ತಳವಾರ.

"ಕಾಣ್ಲಿ ಬಿಡು. ಒಣಗ್ಲಿ. ಗೆರೆ ಒಣಗೋಗಂಟ ನಾ ಹುಟ್ಟು ಮುಟ್ಟಾಕಿಲ್ಲ."

ವರ್ತಕ ಬೈದ. ಮದುಮಗ ಕೈಮುಗಿದ. ಪುರೋಹಿತರು ಮುಹೂರ್ತದ ಮಹಿಮೆ ಹೇಳಿದರು. ಅಂಬಿಗ ರೊಟ್ಟಿ ಅಗಿಯುತ್ತಲೇ ಇದ್ದ. ಅವನಿಗೆ ಜ್ಞಾನೋದಯವಾಯಿತೆಂದು ತಿಳಿಯಬೇಡ. ಅವನ ತೋಳು ಬಿದ್ದುಹೋಗಿತ್ತು, ಅಷ್ಟೇ.

ಇನ್ನು ಮದುವೆ ಮುರಿಯಿತೆಂದು ಮದುಮಗ ಬಾಸಿಂಗ ಬಿಚ್ಚಿ ಮರಳಿನ ಮೇಲೆ ಕುಳಿತು ಅತ್ತುಬಿಟ್ಟ.

ಆಚೆ ದಡದಲ್ಲಿ ಅಕ್ಕನ ಮಗ ಪೇಟ ಹೊತ್ತು ನಿಂತಿದ್ದ. ಎಲ್ಲರೂ ಹೊಳೆಯನ್ನೇ ನೋಡುತ್ತಿದ್ದರು. ದೋಣಿ ಹೊರಡಲಿಲ್ಲ, ತಿರುಗಲೂ ಇಲ್ಲ. ರೈತ ಹಣೆಗೆ ಕೈಯಿಟ್ಟು ದಿಟ್ಟಿಸಿದ. ದೋಣಿ ಕಲ್ಲಿಗೆ ಕಟ್ಟಿದ್ದು ಕಂಡಿತು. ದಡಕ್ಕೆ ಎಸೆದ ಹುಟ್ಟು ಕಂಡಿತು.

"ಅಯ್ಯೋ, ಹೊಳೆ ಬಂದದೆ ಕಣ್ರೋ!" ಎಂದ ರೈತ. "ದೋಣಿ ಕಟ್ಟವ್ರೆ. ಪಾಪ, ಗಂಡಿನ ಕಡೆಯವರು ಬಿಸಿಲಲ್ಲಿ ಸಿಕ್ಕಾಕ್ಕೊಂಡವ್ರೆ."

ಅಷ್ಟು ಹೊತ್ತು ಹಲ್ಲು ಕಡಿಯುತ್ತಿದ್ದ ಸೋದರಮಾವನೇ, ಹೊಳೆಯ ಮೇಲೆ ಯಾರ ಜೋರು ನಡೆಯುತ್ತದೆ ಎಂದು ತಣ್ಣಗಾದ. ಹುಡುಗಿ ಕಣ್ಣೊರೆಸಿಕೊಂಡು ಹಸೆಗೆ ಮರಳಿದಳು. ನೋಡು, ಎಂಥ ವಿಚಿತ್ರ. ಗಂಡು ಹತ್ತಿರ ಬಂದಾಗಲೆಲ್ಲ ಮುರಿಯುತ್ತಿದ್ದ ಸಂಬಂಧ, ಅವನು ಬಾರದೆ ಕುಳಿತಾಗ ಕೂಡಿಕೊಂಡಿತು. ಅಕ್ಕನ ಮಗನಿಗೆ ಪೇಟ ತೆಗೆಸಿ ಊಟ ಹಾಕಿದರು. ಅವನಷ್ಟು ತೃಪ್ತನಾದವನು ಆ ಮದುವೆಯಲ್ಲಿ ಮತ್ತೊಬ್ಬನಿರಲಿಲ್ಲ.

ಮರುದಿನ ಬೆಳಗಾಗುವಾಗ ನೀರು ಗೆರೆಯಿಂದ ಒಂದು ಗೇಣು ಕೆಳಗಿಳಿದಿತ್ತು. ಬಿಸಿಲು ಬಿದ್ದು ಗೆರೆ ಒಣಗಿತು. ಅಂಬಿಗ ಹಗ್ಗ ಬಿಚ್ಚಿದ. ದೋಣಿ ದಡ ಬಿಟ್ಟಿತು. ನೀರು ತುಳುಕಿ ಕಲ್ಲನ್ನು ಹತ್ತಿತು, ಗೆರೆ ಮುಟ್ಟಲಾರದೆ ಇಳಿಯಿತು. ತಳವಾರ ಕೊಂಬನ್ನು ಬಾಯಿಗಿಟ್ಟುಕೊಂಡು ಕಾದು, ಬೇಸರದಿಂದ ಕೆಳಗಿಟ್ಟ. ಮದುವೆಯಾಯಿತು. ಹಿಂದಿನ ದಿನದ ಎಲ್ಲ ಮುಹೂರ್ತಗಳಿಗಿಂತ ಇದೇ ಶ್ರೇಷ್ಠವೆಂದು ಪುರೋಹಿತರು ಹೇಳಿದರು.

ಹಿರಿಯರು ಮತ್ತೆ ಸೇರಿ ನ್ಯಾಯ ತಿದ್ದಿದರು. ಗೆರೆ ಮುಳುಗಿದರೆ ಕಟ್ಟು. ಗೆರೆ ಒಣಗಿದರೆ ಬಿಚ್ಚು. ಗೆರೆ ಕಂಡೂ ಒದ್ದೆಯಿದ್ದರೆ ಏನು ಮಾಡುತ್ತಿದ್ದೆಯೋ ಅದನ್ನೇ ಮಾಡು. ಕಟ್ಟಿದ್ದರೆ ಕಟ್ಟಿಯೇ ಇರಲಿ, ಹೊರಟಿದ್ದರೆ ದಾಟಿಬಿಡು.

ಪ್ರತಿ ಊರಿನಲ್ಲೂ ಇರುವಂತೆ ಆ ಊರಿನಲ್ಲೂ ಒಬ್ಬ ಬುದ್ಧಿವಂತನಿದ್ದ. "ಇದ್ಯಾವ ನ್ಯಾಯ? ಅಷ್ಟೇ ನೀರಿಗೆ ನಿನ್ನೆ ಒಬ್ಬನ್ನ ಬಿಟ್ರಿ, ಇವತ್ತು ನನ್ನ ನಿಲ್ಲಿಸ್ತೀರಿ" ಎಂದು ಜಗಳ ತೆಗೆದ.

"ನೀರು ಅಷ್ಟೇ ಇರಬೌದು ಕಣಪ್ಪ" ಎಂದ ಒಬ್ಬ ಹಿರಿಯ. "ನಿನ್ನೆ ಅದು ಒಣಗಿದ ಗೆರೆ ಕಡೆಯಿಂದ ಬಂದಿತ್ತು, ಇವತ್ತು ಮುಳುಗಿದ ಗೆರೆ ಕಡೆಯಿಂದ ಬಂದದೆ. ಎಲ್ಲಿಂದ ಬಂತು ಅಂತ ಕೇಳ್ದೆ, ಎಲ್ಲಿದೆ ಅಂತ ಮಾತ್ರ ನೋಡಿ ತಾನೇ ಮೊನ್ನೆ ಮದುವೆ ಮುರೀತಿದ್ದದ್ದು?"

ಗುರುಗಳು ಕತೆ ನಿಲ್ಲಿಸಿದರು.

ಮರಿದೇವನ ಮುಖ ಅರಳಿತು. ತನಗೆ ಬೇಕಾದ ಉತ್ತರ ಸಿಕ್ಕಿತೆಂದು ಅವನಿಗೆ ಅನಿಸಿತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆಯೂ ಬರುತ್ತಿತ್ತು.

"ಅರ್ಥವಾಯಿತು ಗುರುಗಳೇ" ಎಂದ. "ಸಣ್ಣ ಸಣ್ಣ ಕಾರಣಕ್ಕೆ ಹೊರಡಬಾರದು, ಸಣ್ಣ ಸಣ್ಣ ಕಾರಣಕ್ಕೆ ಹಿಂದಿರುಗಲೂಬಾರದು. ನಡುವೆ ಇರುವಾಗ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಬೇಕು. ಈಗ ನಾನು ನಡುವೆ ಇದ್ದೇನೆ. ಆದ್ದರಿಂದ ಮಠದಲ್ಲಿಯೇ ಇದ್ದುಬಿಡುತ್ತೇನೆ."

"ಇದ್ದುಬಿಡಬೇಕಾದರೆ ಮೊದಲು ಬಂದಿರಬೇಕು, ಮರಿದೇವ. ನೀನು ಬಂದದ್ದು ಯಾವಾಗ?" ಎಂದರು ಗುರುಗಳು.