ಹೆಂಟೆ ಇಳಿಸಿದ ಕಣಿವೆ

ಕಂಬಳಿಗುಡ್ಡಕ್ಕೂ ಹುಲಿಮಂಡೆ ಬೆಟ್ಟಕ್ಕೂ ನಡುವಿನ ಕಣಿವೆಗೆ ಇಂದಿಗೂ ಸರಿಯಾದ ದಾರಿಯಿಲ್ಲ. ಬಸ್ಸು ಎತ್ತಿನಮೋಳೆಯ ಅರಳಿಕಟ್ಟೆಗೆ ಬಂದು ಹಿಂತಿರುಗುತ್ತದೆ; ಅಲ್ಲಿಂದ ಮುಂದೆ ಕಾಲೇ ಗತಿ. ಎರಡು ಹರಿದಾರಿ ಉದ್ದಕ್ಕೂ ಬೂತಾಳೆ ಪೊದೆ, ಕಗ್ಗಲಿ ಮುಳ್ಳು, ಕಾಲಡಿಯಲ್ಲಿ ಜಾರುವ ನೊರಜುಗಲ್ಲು. ಪಡುವಣ ಇಳಿಜಾರಿನ ಮಣ್ಣು ಕೆಂಪು, ಮೂಡಣದ್ದು ಬೂದಿ ಬಣ್ಣ. ಎರಡೂ ಬಂದು ಸೇರುವ ತಗ್ಗಿನಲ್ಲಿ ಬಂಡೆಯ ಬಿರುಕಿನಿಂದ ಜಿನುಗಿ ತುಂಬುವ ಕೊಳವೊಂದಿದೆ, ಕಡು ಬೇಸಿಗೆಯಲ್ಲೂ ಬತ್ತಿದ್ದನ್ನು ಕಂಡವರಿಲ್ಲ. ಅದಕ್ಕೆ ಆನೆದೊಣೆ ಎನ್ನುತ್ತಾರೆ. ದೊಣೆಗೆ ಬಡಗಣ ದಿಕ್ಕಿನಲ್ಲಿ, ನಲವತ್ತು ಹೆಜ್ಜೆ ದೂರದಲ್ಲಿ, ಆಳೆತ್ತರದ ಒಂದು ಮಣ್ಣಿನ ಗುಪ್ಪೆ ನಿಂತಿದೆ. ಅದು ಗುಡಿಯಲ್ಲ, ಗೋರಿಯಲ್ಲ, ಹುತ್ತವೂ ಅಲ್ಲ. ಕೆಂಪು ಮಣ್ಣು, ಬೂದಿ ಮಣ್ಣು ಎರಡೂ ಅದರಲ್ಲಿ ಬೆರೆತಿವೆ. ಪೇಟೆಯ ಕಡೆಯಿಂದ ಬಂದವರು ಭೀಮ ಕಾಲು ಕೊಡವಿದಾಗ ಉದುರಿದ ಮಣ್ಣು ಇದು ಎಂದು ಹೇಳಿ ಹೋಗುವುದುಂಟು. ನಾಡಿನಲ್ಲಿರುವ ಗುಡ್ಡೆಗಳನ್ನೆಲ್ಲ ಭೀಮನ ತಲೆಗೆ ಕಟ್ಟುವುದು ನಮ್ಮವರಿಗೆ ಅಭ್ಯಾಸವಾಗಿಬಿಟ್ಟಿದೆ, ಅದನ್ನು ಬಿಡಿ. ಇದು ಮನುಷ್ಯರೇ ಹಾಕಿದ ಮಣ್ಣು. ಮೊದಲ ಹೆಂಟೆಯನ್ನು ಇಟ್ಟವನ ಹೆಸರು ದ್ಯಾವ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಕಣಿವೆಯ ಪಡುವಣಕ್ಕೆ ಎತ್ತಿನಮೋಳೆ, ಮೂಡಣಕ್ಕೆ ಕಗ್ಗಲದೊಡ್ಡಿ ಎಂಬ ಎರಡೇ ಊರುಗಳಿದ್ದವು. ಆಗ ನಕ್ಷೆಯಿಲ್ಲ, ಸರ್ವೆಯಿಲ್ಲ. ಊರಿನ ಎಲ್ಲೆ ಎಲ್ಲಿ ಹಾಯುತ್ತದೆಂದು ಬಲ್ಲವನು ಊರಿಗೊಬ್ಬ, ಅವನೇ ಕುಳವಾಡಿ. ಊರ ಹೊರಗಿನ ಕೇರಿಯವನು ಅವನು. ಗೌಡರ ಜಗುಲಿ ಹತ್ತುವಂತಿಲ್ಲ, ಊರ ಬಾವಿ ಮುಟ್ಟುವಂತಿಲ್ಲ. ಆದರೆ ಎಲ್ಲೆಯ ವಿಷಯ ಬಂದಾಗ ಅವನ ಮಾತಿಗೆ ಗೌಡರೂ ತಲೆಬಾಗಬೇಕು. ಎರಡು ಊರುಗಳ ನಡುವೆ ವ್ಯಾಜ್ಯ ಹುಟ್ಟಿದರೆ ಕುಳವಾಡಿ ಹಿಂದಿನ ದಿನದಿಂದ ಅನ್ನ ನೀರು ಬಿಟ್ಟು, ಊರ ಮಣ್ಣನ್ನು ಕಲಸಿ ಹೆಂಟೆ ಮಾಡಿ, ಅದನ್ನು ತಲೆಯ ಮೇಲೆ ಹೊತ್ತು, ಮೊದಲ ಎಲ್ಲೆಗಲ್ಲಿನಿಂದ ಕೊನೆಯ ಕಲ್ಲಿನವರೆಗೆ ತುಟಿ ಬಿಚ್ಚದೆ ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ಹೆಂಟೆ ಗಟ್ಟಿಯಾಗಿ ನಿಂತರೆ ನಡೆದದ್ದು ನಿಜ, ಒಡೆದು ಬಿದ್ದರೆ ಸುಳ್ಳು. ಸುಳ್ಳು ನಡೆದವನ ವಂಶವನ್ನು ಹೊತ್ತ ಮಣ್ಣೇ ನುಂಗುತ್ತದೆ ಎಂದು ಎಲ್ಲರೂ ನಂಬಿದ್ದರು.

ದ್ಯಾವ ಎತ್ತಿನಮೋಳೆಯ ಕುಳವಾಡಿ. ಮದುವೆಯಾದ ವರ್ಷ ಅವನ ತಂದೆ ಅವನನ್ನು ಕರೆದುಕೊಂಡು ಹೋಗಿ ಎಲ್ಲೆ ತೋರಿಸಿದ್ದ. ಬಡಗಣದ ಕಂಬಳಿಗುಡ್ಡದ ನೆತ್ತಿಯಿಂದ ಹಿಡಿದು ಕಲ್ಲು ಕಲ್ಲಿಗೂ ಗುರುತು ಹೇಳುತ್ತ, ತಗ್ಗಿಗಿಳಿದು, ಆನೆದೊಣೆ ನಲವತ್ತು ಹೆಜ್ಜೆ ಇದೆ ಎನ್ನುವಾಗ ನಿಂತುಬಿಟ್ಟ. ಅಲ್ಲಿಂದ ಮುಂದೆ ಕೇರಿಯವರು ಕಾಲಿಡಬಾರದೆಂದು ಎರಡೂ ಊರಿನವರ ಕಟ್ಟಳೆ. ದೊಣೆಯ ನೀರು ಊರವರದು. ಅದು ತುಂಬಿ ಹರಿದು, ದನಗಳು ಮಿಂದು, ಕೆಳಗಿನ ಗುಂಡಿಯಲ್ಲಿ ನಿಂತದ್ದು ಕೇರಿಯವರದು. ತಂದೆ ಮಗ ಇಬ್ಬರೂ ಮುಳ್ಳಿನ ಪೊದೆಯಲ್ಲಿ ದೂರದಿಂದ ಸುತ್ತಿಕೊಂಡು ಹೋಗಿ, ದೊಣೆಯ ತೆಂಕಣಕ್ಕೆ ಮತ್ತೆ ನಲವತ್ತು ಹೆಜ್ಜೆಯಾಚೆ ಸಿಗುವ ಕಲ್ಲಿನಿಂದ ಎಲ್ಲೆಯನ್ನು ಹಿಡಿದರು. "ನಡುವೆ ಹೆಂಗೆ ಹೋಗ್ತದಪ್ಪ?" ಎಂದು ದ್ಯಾವ ಕೇಳಿದ. "ಅದು ನಮ್ಮ ಕಾಲಿಗೆ ಸೇರಿದ್ದಲ್ಲ ಕಣೋ" ಎಂದ ತಂದೆ. ಅವನಿಗೆ ಅವನ ತಂದೆ ತೋರಿಸಿದ್ದೂ ಅಷ್ಟೇ. ಹೀಗೆ ಎಷ್ಟು ತಲೆಮಾರು ಕಳೆದವೋ. ಎಲ್ಲೆ ಬಲ್ಲವರನ್ನು ನೀರಿನ ಹತ್ತಿರ ಬಿಡಲಿಲ್ಲ. ನೀರಿನ ಹತ್ತಿರ ಹೋಗುವವರು ಎಲ್ಲೆ ಕಲಿಯಲಿಲ್ಲ. ಆದರೂ ಕುಳವಾಡಿಗೆ ಎಲ್ಲ ಗೊತ್ತು ಎಂದು ಎರಡೂ ಊರು ಹಾಯಾಗಿ ನಂಬಿಕೊಂಡಿದ್ದವು.

ಒಂದು ಬೇಸಿಗೆಯಲ್ಲಿ ದನ ನೀರಿಗೆ ಬಿಡುವ ವಿಷಯಕ್ಕೆ ದೊಣೆಯ ದಂಡೆಯಲ್ಲಿ ಎರಡೂ ಊರಿನವರು ಕೈಕೈ ಮಿಲಾಯಿಸಿದರು. ಮಾತು ದೊಣ್ಣೆಗೆ ತಿರುಗಿ ಆ ಊರಿನವನೊಬ್ಬ, ಈ ಊರಿನವನೊಬ್ಬ ಸತ್ತರು. ಸುದ್ದಿ ಕೋಟೆಗೆ ಮುಟ್ಟಿತು. ಪಾಳೆಯಗಾರ ತನ್ನ ಅಧಿಕಾರಿಯನ್ನು, ಅಂದರೆ ಪಾರುಪತ್ತೇಗಾರನನ್ನು, ಕಳುಹಿಸಿದ. ಅವನು ಎರಡೂ ಕಡೆಯ ಗೌಡರನ್ನು ಕೂರಿಸಿ ತೀರ್ಪು ಹೇಳಿದ: ಹಳೆಯ ಊರು ಎತ್ತಿನಮೋಳೆ, ಆದ್ದರಿಂದ ಅಲ್ಲಿನ ಕುಳವಾಡಿಯೇ ಹೆಂಟೆ ಹೊರಲಿ. ಬಡಗಣದಿಂದ ತೆಂಕಣಕ್ಕೆ ನಡೆಯುವಾಗ ದೊಣೆ ಅವನ ಬಲಗೈಗೆ ಬಿದ್ದರೆ ಮೋಳೆಯವರದು, ಎಡಗೈಗೆ ಬಿದ್ದರೆ ದೊಡ್ಡಿಯವರದು. ಇನ್ನೊಂದು ಊರಿನವರು ಆ ನೀರಿನ ಕಡೆ ತಲೆ ಹಾಕುವಂತಿಲ್ಲ. ಹೆಂಟೆ ಒಡೆದರೂ ಸರಿ, ಕೊನೆಯ ಕಲ್ಲು ಮುಟ್ಟುವ ಮೊದಲೇ ಅವನು ಅದನ್ನು ಇಳಿಸಿದರೂ ಸರಿ, ಅವನ ಗುಡಿಸಲು ಕೀಳಬೇಕು, ಅವನು ಮತ್ತೆ ಎರಡೂ ಊರಿನ ಮಣ್ಣು ಮೆಟ್ಟಬಾರದು. ಗೌಡರಿಬ್ಬರೂ ಒಪ್ಪಿ ಆಣೆಯಿಟ್ಟರು. ದ್ಯಾವನನ್ನು ಯಾರೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಎತ್ತಿನಮೋಳೆಯ ಮುದ್ದೇಗೌಡ ದ್ಯಾವನನ್ನು ಕಣಕ್ಕೆ ಕರೆಸಿದ. ಕೆಟ್ಟವನಲ್ಲ ಮುದ್ದೇಗೌಡ, ತನ್ನ ಊರು ಎಂದರೆ ಮೈಯೆಲ್ಲ ಕಣ್ಣಾಗುವ ಮನುಷ್ಯ. ಆ ಊರಿನೊಳಗೆ ಕೇರಿಯೂ ಸೇರಿದೆಯೆಂಬುದು ಮಾತ್ರ ಅವನಿಗೆ ಕೆಲಸವಿದ್ದಾಗ ನೆನಪಾಗುತ್ತಿತ್ತು. "ನೋಡು ದ್ಯಾವ, ದೊಣೆ ನಿನ್ನ ಬಲಗೈಗೆ ಬರಬೇಕು. ಬಂದರೆ ಅದರದೊಂದು ಮೂಲೆ ನಿಮ್ಮ ಕೇರಿಗೆ. ನಿಮ್ಮ ಹೆಂಗಸರು ಬಂದು ತುಂಬಿಕೊಳ್ಳಲಿ, ಯಾರೂ ಏನೂ ಅನ್ನದ ಹಾಗೆ ನಾನು ನೋಡ್ಕೋತೀನಿ" ಎಂದ. "ಬರದೆ ಹೋದ್ರೆ ಬುದ್ದಿ?" ಎಂದು ದ್ಯಾವ ಕೇಳಿದ. ಗೌಡ ರಾಶಿಯ ಕಡೆ ತಿರುಗಿಕೊಂಡು, "ಮೋಳೆಯ ರಾಗಿ ಉಂಡ ಹೊಟ್ಟೆ ನಿಂದು. ಅದನ್ನ ನೆನಪಿಟ್ಕೊಂಡು ನಡಿ" ಎಂದಷ್ಟೇ ಹೇಳಿದ.

ದ್ಯಾವನ ಹೆಂಡತಿ ಸಾಕಿ ಇದನ್ನು ಕೇಳಿ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಗುಂಡಿಯ ನೀರು ಕುಡಿದು ವಾಂತಿಭೇದಿಯಾಗಿ ಅವಳ ಎರಡು ಮಕ್ಕಳು ಒಂದೇ ವಾರದಲ್ಲಿ ಹೋಗಿದ್ದವು; ಮಾಚ ಮೊದಲು, ಆಮೇಲೆ ಹೊನ್ನಿ. ಆಮೇಲೂ ಅವಳು ದಿನಾ ಕೊಡ ಅದ್ದುತ್ತಿದ್ದದ್ದು ಆ ಗುಂಡಿಗೇ. "ಬಲಕ್ಕೆ ನಡೆದುಬಿಡು. ಇಷ್ಟು ದಿನ ನಿಜ ನಡೆದು ನಾವು ಕಂಡಿದ್ದೇನು?" ಎಂದಳು. ದ್ಯಾವ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಅಂದು ಹೇಳಿದ. "ಸುಳ್ಳು ನಡೆಯೋಕೂ ನಿಜ ಯಾವುದು ಅಂತ ಗೊತ್ತಿರಬೇಕು ಕಣೇ. ನಂಗೆ ಗೊತ್ತೇ ಇಲ್ಲ. ನಮ್ಮಪ್ಪನಿಗೂ ಗೊತ್ತಿರಲಿಲ್ಲ." ಸಾಕಿ, "ಹಂಗಾದ್ರೆ ಒಳ್ಳೇದೇ ಆಯ್ತಲ್ಲ. ಗೊತ್ತಿಲ್ಲದವನು ಯಾವ ಕಡೆ ನಡೆದ್ರೂ ಸುಳ್ಳು ಹೆಂಗಾಗ್ತದೆ?" ಎಂದಳು. ಮರುದಿನವೇ ಹೆಂಟೆ ಹೊರಬೇಕಿದ್ದರಿಂದ ಅಂದು ಉಪವಾಸ; ದ್ಯಾವ ಉಣ್ಣದೆ ಎದ್ದ.

ಹೆಂಟೆ ಹೊತ್ತ ದಿನ ಬಿಸಿಲು ಕಾದ ಹಂಚಿನಂತಿತ್ತು ಎನ್ನುತ್ತಾರೆ. ಕಂಬಳಿಗುಡ್ಡದ ಮೊದಲ ಕಲ್ಲಿನ ಬುಡದ ಮಣ್ಣನ್ನೇ ಕಲಸಿ ಪಾರುಪತ್ತೇಗಾರ ತಾನೇ ನಿಂತು ದ್ಯಾವನ ತಲೆಯ ಮೇಲೆ ಇಡಿಸಿದ. ಅವನ ಬಲಕ್ಕೆ ಮೋಳೆಯವರು, ಎಡಕ್ಕೆ ದೊಡ್ಡಿಯವರು, ಎರಡೂ ಕೇರಿಯವರು ಎಲ್ಲರಿಗಿಂತ ಹಿಂದೆ. ಮೊದಮೊದಲು ಹೆಂಟೆಯ ತೇವ ಅವನ ಹಣೆಯ ಮೇಲೆ ಇಳಿಯುತ್ತಿತ್ತು. ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಅದೂ ನಿಂತು, ಮಣ್ಣು ಒಣಗಿ ಬಿರಿಯುವ ಸಣ್ಣ ಸದ್ದು ಅವನೊಬ್ಬನಿಗೇ ಕೇಳತೊಡಗಿತು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಲ್ಲು ಕಲ್ಲಿಗೂ ತಂದೆಯ ದನಿ ನೆನಪಾಗಿ ಕಾಲು ತಾನಾಗಿ ನಡೆಯುತ್ತಿತ್ತು. ಕೊನೆಗೆ ತಗ್ಗು ಬಂತು. ತಂದೆ ನಿಂತ ಜಾಗ ಬಂತು. ಎದುರಿಗೆ ನೀರು.

ಎಷ್ಟೋ ವರ್ಷ ಆ ಸೀಮೆಯಲ್ಲೇ ಬಾಳಿದ ದ್ಯಾವ ದೊಣೆಯನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು; ಹಿಂದೆಲ್ಲ ತಲೆ ತಗ್ಗಿಸಿ ಹಾದುಹೋಗಿದ್ದ. ಇಂದು ಹೆಂಟೆ ಹೊತ್ತವನನ್ನು ತಡೆಯುವವರಿಲ್ಲ. ಎಂಬತ್ತು ಹೆಜ್ಜೆ ನಡೆದುಬಿಟ್ಟರೆ ಮತ್ತೆ ತಂದೆ ತೋರಿಸಿದ ಕಲ್ಲು ಸಿಗುತ್ತದೆ. ಬಲಕ್ಕೆ ನೀರು ಬಿಟ್ಟುಕೊಂಡು ನಡೆದರೆ ಸಾಕಿಯ ಕೊಡ ತುಂಬುತ್ತದೆ. ಮಾಚನೂ ಹೊನ್ನಿಯೂ ಕಣ್ಣಿಗೆ ಕಟ್ಟಿದರು. ಒಂದು ಹೆಜ್ಜೆ ಎತ್ತಿದ. ಎತ್ತಿದ ಹೆಜ್ಜೆಯನ್ನು ಎಲ್ಲಿ ಇಡಬೇಕೆಂದು ಕಾಲಿಗೆ ತಿಳಿಯಲಿಲ್ಲ. ಕೇರಿಗೆ ಇದ್ದ ಆಸ್ತಿಯೆಂದರೆ ಈ ಕಾಲಿನ ತಿಳಿವಳಿಕೆಯೊಂದೇ. ಇಂದು ಗೌಡ ಹೇಳಿದ ಕಡೆ ಕಾಲಿಟ್ಟರೆ ನಾಳೆಯಿಂದ ಎಲ್ಲೆ ಗೌಡನ ಬಾಯಲ್ಲಿರುತ್ತದೆ. ಅವನು ಕೊಡುತ್ತೇನೆಂದ ದೊಣೆಯ ಮೂಲೆಯೂ ಅವನ ಬಾಯಲ್ಲೇ ಇರುತ್ತದೆ. ದ್ಯಾವ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಮಂಡಿಯೂರಿ, ಎರಡೂ ಕೈಯಲ್ಲಿ ಹೆಂಟೆಯನ್ನು ಹಿಡಿದು, ಒಡೆಯದ ಹಾಗೆ ನೆಲಕ್ಕಿಳಿಸಿದ.

ಎರಡೂ ಕಡೆಯ ಜನ ಒಟ್ಟಿಗೇ ಬಾಯಿ ಮಾಡಿದರು. ಪಾರುಪತ್ತೇಗಾರ ಕೈಯೆತ್ತಿ ಸುಮ್ಮನಾಗಿಸಿ, "ಯಾಕಯ್ಯ ಇಳಿಸಿದೆ? ಕೊನೇ ಕಲ್ಲು ಇನ್ನೂ ಅಷ್ಟು ದೂರ ಇದೆ" ಎಂದ.

"ನಮ್ಮಪ್ಪ ಇಲ್ಲೀಗಂಟ ತೋರ್ಸಿದ ಬುದ್ದಿ" ಎಂದ ದ್ಯಾವ. "ಇದರಾಚೆಗೆ ನಮ್ಮ ಕಾಲು ಬೀಳಬಾರ್ದು ಅಂತ ಇವರೇ ಮಾಡಿದ ಕಟ್ಟಳೆ. ನಾವು ಮೆಟ್ಟದ ನೆಲದ ಎಲ್ಲೆ ನಂಗೆ ಹೆಂಗೆ ಗೊತ್ತಾಗಬೇಕು? ಗೊತ್ತಿಲ್ಲದ್ದನ್ನ ಗೊತ್ತು ಅಂತ ಮಣ್ಣು ಹೊತ್ತು ನಡೆಯಲಾರೆ."

ಪಾರುಪತ್ತೇಗಾರ ಕಗ್ಗಲದೊಡ್ಡಿಯ ಕುಳವಾಡಿಯನ್ನು ಮುಂದಕ್ಕೆ ಕರೆದ. ಬೋರ ಎಂಬ ಹಣ್ಣು ಮುದುಕ, ಕೋಲೂರಿಕೊಂಡು ಬಂದು, ತಾನೂ ತನ್ನ ಹಿರಿಯರೂ ಅದೇ ಜಾಗದಲ್ಲಿ ನಿಂತು ಮೂಡಣದ ಕಡೆಯಿಂದ ಸುತ್ತಿ ಹೋದವರೇ ಎಂದು ನೆಲ ಮುಟ್ಟಿ ಹೇಳಿದ. ಹಾಗಾದರೆ ಇನ್ನಾರು ಬಲ್ಲರೆಂದು ಪಾರುಪತ್ತೇಗಾರ ಗೌಡರಿಬ್ಬರನ್ನೂ ಕೇಳಿದ. ಹೊಡೆದಾಡಿ ಹೆಣ ಕೆಡವಿದವರಲ್ಲಿ ಒಬ್ಬನಾದರೂ ಎಲ್ಲೆಯನ್ನು ನಡೆದು ಕಂಡವನಿರಲಿಲ್ಲ. ಆಗ ಅವನು, ಕುಳವಾಡಿಗಳಿಬ್ಬರೂ ಮೆಟ್ಟದ ನೆಲ ಯಾವ ಊರಿಗೂ ಸೇರಿದ್ದಲ್ಲ, ಯಾವ ಊರಿಗೂ ಸೇರದ ನೀರಿಗೆ ಯಾವ ಊರಿನ ಕಟ್ಟಳೆಯೂ ನಡೆಯದು ಎಂದು ತೀರ್ಪು ಕೊಟ್ಟ. ಅವನ ನ್ಯಾಯಬುದ್ಧಿಯನ್ನು ಕೆಲವರು ಇಂದಿಗೂ ಕೊಂಡಾಡುತ್ತಾರೆ. ಆ ಬಿಸಿಲಿನಲ್ಲಿ ಇನ್ನೊಂದು ದಿನ ಕೂರುವುದು ಅವನಿಗೆ ಬೇಡವಾಗಿತ್ತು ಎನ್ನುವವರೂ ಇದ್ದಾರೆ. "ಹಾಗಂದರೆ ಯಾರು ಬೇಕಾದರೂ ಮುಟ್ಟಬಹುದೋ?" ಎಂದು ಮುದ್ದೇಗೌಡ ಹಲ್ಲು ಕಡಿಯುತ್ತ ಕೇಳಿದ. "ಯಾರೂ ತಡೆಯುವ ಹಾಗಿಲ್ಲ ಅಂದೆ" ಎಂದು ಪಾರುಪತ್ತೇಗಾರ ಉತ್ತರಿಸಿದ.

ಆದರೆ ಆಣೆ ಆಣೆಯೇ. ಹೆಂಟೆ ನಡುದಾರಿಯಲ್ಲಿ ಇಳಿದಿತ್ತು. ಹೊತ್ತು ಮುಳುಗುವ ಮೊದಲೇ ದ್ಯಾವನ ಗುಡಿಸಲು ಕಿತ್ತರು. ಎರಡೂ ಊರಿನ ಮಣ್ಣು ಅವನಿಗೆ ಹೊರಗಾಯಿತು. ಅವನಿಗೆ ನಿಲ್ಲಲು ಉಳಿದದ್ದು ಅವನೇ ಬಿಡಿಸಿಟ್ಟ ಆ ಎಂಬತ್ತು ಹೆಜ್ಜೆ ನೆಲವೊಂದೇ. ಸಾಕಿ ಒಂದು ಕಂಬಳಿ, ಒಂದು ಮಡಕೆ, ಬರಿದಾದ ಕೊಡ ಹೊತ್ತುಕೊಂಡು ಅಲ್ಲಿಗೇ ಬಂದಳು. ಗಂಡ ಹೆಂಟೆಯ ಪಕ್ಕದಲ್ಲೇ ಕೂತಿದ್ದ. ಎರಡು ದಿನದಿಂದ ಹನಿ ನೀರು ಕಾಣದವನು, ನಲವತ್ತು ಹೆಜ್ಜೆಯಲ್ಲಿ ದೊಣೆ ತುಂಬಿ ನಿಂತಿದ್ದರೂ ಹೋಗಿರಲಿಲ್ಲ. ಅಭ್ಯಾಸವಿಲ್ಲದ ಕಾಲು ಏಳಲಿಲ್ಲ. ಸಾಕಿಯೇ ಅವನ ರಟ್ಟೆ ಹಿಡಿದು ಎಬ್ಬಿಸಿ ನಡೆಸಿಕೊಂಡು ಹೋದಳು. ದೊಣೆಯ ಅಂಚಿನಲ್ಲಿ ಕೂತು ಮೊಣಕೈವರೆಗೆ ಕೈ ಅದ್ದಿ, ಹಾಗೇ ಬಹಳ ಹೊತ್ತು ಇಟ್ಟುಕೊಂಡಿದ್ದಳು. "ಇಷ್ಟು ತಣ್ಣಗಿರ್ತದಾ ಇದು" ಎಂದಳು. ಆಮೇಲೆ ಬೊಗಸೆ ತುಂಬಿ ಗಂಡನ ಬಾಯಿಗೆ ಹಿಡಿದಳು. ಅವನು ಕುಡಿದ ಮೇಲೆ ಅವಳಿಗೆ ಅಳು ಬಂತು, ಮಕ್ಕಳ ಹೆಸರು ಹಿಡಿದು ಅತ್ತಳು ಎನ್ನುತ್ತಾರೆ.

ಗಂಡ ಹೆಂಡತಿ ಕೊನೆಯುಸಿರಿನವರೆಗೆ ಅಲ್ಲೇ ಬದುಕಿದರು. ಮೊದಲ ಮಳೆಗೆ ಹೆಂಟೆ ಕರಗಿ ಹರಿದುಹೋದರೆ ಗೌಡರು ಎಲ್ಲೆಯನ್ನು ಮುಂದಕ್ಕೆ ಎಳೆಯುತ್ತಾರೆಂಬ ಹೆದರಿಕೆ ಕೇರಿಯವರಿಗಿತ್ತು. ಆದ್ದರಿಂದ ನೀರಿಗೆ ಬಂದವರೆಲ್ಲ ತಮ್ಮ ಊರಿನದೊಂದು ಹಿಡಿ ಮಣ್ಣು ತಂದು ಅದರ ಮೇಲೆ ಹಾಕತೊಡಗಿದರು. ಮೋಳೆಯ ಕೆಂಪು, ದೊಡ್ಡಿಯ ಬೂದಿ, ಎರಡೂ ಹಾಗೆ ಬೆರೆತವು. ಕೆಲವು ವರ್ಷಗಳಲ್ಲಿ ಊರವರೂ ನೀರಿಗಾಗಿ ಬಂದರು. ಬಾಯಾರಿಕೆ ಯಾರನ್ನು ಬಿಡುತ್ತದೆ? ಅವರೂ ಹಿಡಿ ಮಣ್ಣು ಹಾಕಿದರು. ದ್ಯಾವ ಹೆಂಟೆ ಇಳಿಸಿದ ಕಣಿವೆ ಎಂದು ಕರೆಯುತ್ತಿದ್ದದ್ದು ಬರಬರುತ್ತ ಹೆಂಟೆಕಣಿವೆ ಎಂದಾಯಿತು. ದ್ಯಾವನನ್ನು ಎಲ್ಲಿ ಹೂಳಿದರೆಂದು ತೋರಿಸುವವರು ಯಾರೂ ಉಳಿದಿಲ್ಲ.

ಇಂದು ಅಲ್ಲಿಗೆ ಹೋದವರಿಗೆ ದೊಣೆಯ ಆಚೆ ಈಚೆ ಎಲ್ಲೆಗಲ್ಲುಗಳು ಕಾಣುತ್ತವೆ. ನಡುವೆ ಎಂಬತ್ತು ಹೆಜ್ಜೆಯಲ್ಲಿ ಒಂದು ಕಲ್ಲೂ ಇಲ್ಲ. ದನ ಕಾಯುವವರು, ಸೌದೆಗೆ ಹೋದವರು, ದಾರಿ ತಪ್ಪಿ ಬಂದ ಹೊಸಬರು ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬುತ್ತಿ ಬಿಚ್ಚುತ್ತಾರೆ. ಮುದ್ದೆ, ಉಪ್ಪಿನಕಾಯಿ ಕೈಯಿಂದ ಕೈಗೆ ಹೋಗುತ್ತವೆ. ಬೆಳೆ, ಬಿಸಿಲು, ಕಾಡುಹಂದಿಯ ಕಾಟ ಎಲ್ಲದರ ಮಾತೂ ನಡೆಯುತ್ತದೆ. ಯಾವೂರು, ಯಾರ ಪೈಕಿ ಎಂಬ ಪ್ರಶ್ನೆಯನ್ನು ಮಾತ್ರ ಆ ನೆಲದ ಮೇಲೆ ಯಾರೂ ಯಾರನ್ನೂ ಕೇಳುವುದಿಲ್ಲ.