ದುಗ್ಗಣ್ಣ ಮುಚ್ಚಿಟ್ಟ ದಣಿವು

ಒಂದು ಕಾಡಿನಲ್ಲಿ, ಎತ್ತರದ ಮರದ ಪೊಟರೆಯೊಳಗೆ, ಚೆನ್ನಕ್ಕ ಎಂಬ ಮಂಗಟ್ಟೆ ಹಕ್ಕಿ ತನ್ನ ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಂಡು ಕೂತಿದ್ದಳು. ಅವಳಿಗೇನು ತಲೆ ಕೆಟ್ಟಿತ್ತೇ ಅನ್ನಬೇಡಿ. ಮಂಗಟ್ಟೆಗಳ ಮನೆಯ ಪದ್ಧತಿಯೇ ಹಾಗೆ. ಮೊಟ್ಟೆಯಿಡುವ ಕಾಲ ಬಂದರೆ ಹೆಂಡತಿ ಪೊಟರೆಯೊಳಗೆ ಹೋಗಿ ಬಾಗಿಲಿಗೆ ಮಣ್ಣು ಮೆತ್ತಿಬಿಡುತ್ತಾಳೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಯುತ್ತದೆ. ಒಳಗೆ ಕೂತವಳ ರೆಕ್ಕೆಯ ಗರಿಗಳೆಲ್ಲ ಉದುರಿಹೋಗುತ್ತವೆ. ಹೊಸ ಗರಿ ಬರುವ ತನಕ ಅವಳು ಹಾರಲಾರಳು. ಅಲ್ಲಿಯವರೆಗೆ ಗಂಡನೇ ಹಣ್ಣು ತಂದು ಆ ಸಂದಿನಲ್ಲಿ ಕೊಡಬೇಕು. ಅವನು ಬಂದೇ ಬರುತ್ತಾನೆ ಎಂಬ ನಂಬಿಕೆಯ ಮೇಲೆಯೇ ಅವಳ ಊಟ, ಮರಿಯ ಊಟ ಎಲ್ಲ ನಡೆಯಬೇಕು.

ಚೆನ್ನಕ್ಕನ ಗಂಡ ದುಗ್ಗಣ್ಣ ಒಳ್ಳೆಯವನು. ವರ್ಷವರ್ಷವೂ ಗುಡ್ಡದಾಚೆಯ ಅತ್ತಿಮರದಿಂದ ಗಂಟಲು ತುಂಬ ಹಣ್ಣು ತಂದು, ಒಂದೊಂದಾಗಿ ಹೆಂಡತಿಯ ಬಾಯಿಗೆ ಇಡುತ್ತಿದ್ದ. ಆದರೆ ಈ ಸಲ ಅವನಿಗೆ ವಯಸ್ಸು ಬಂದುಬಿಟ್ಟಿತ್ತು. ಗುಡ್ಡ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಎಡರೆಕ್ಕೆ ನೋಯುತ್ತಿತ್ತು. ದಾರಿಯಲ್ಲಿ ಎರಡು ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಅದನ್ನು ಹೆಂಡತಿಗೆ ಹೇಳಿದನೋ? ಇಲ್ಲ. ಗಂಡಸಿನ ಬಿಂಕ ನೋಡಿ, ಸಾಯುತ್ತಿದ್ದರೂ ಚೆನ್ನಾಗಿದ್ದೇನೆ ಅನ್ನುತ್ತದೆ.

"ಯಾಕ್ರೀ ಇಷ್ಟು ತಡ?" ಎಂದು ಚೆನ್ನಕ್ಕ ಕೇಳಿದಳು.

"ಗಾಳಿ ಜೋರಾಗಿತ್ತು ಕಣೇ," ಎಂದ ದುಗ್ಗಣ್ಣ.

ಚೆನ್ನಕ್ಕ ಸಂದಿನಿಂದ ಹೊರಗೆ ನೋಡಿದಳು. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಅವಳ ಮನಸ್ಸಿಗೆ ಕಿರಿಕಿರಿಯಾಯಿತು.

ಅದೇ ಮರದ ಬುಡದಲ್ಲಿ ಒಂದು ಉಡವಿತ್ತು. ಪೊಟರೆಯೊಳಗೆ ಮೊಟ್ಟೆಯೊಡೆದು ಬಂದಿದ್ದ ಮರಿಯ ಮೇಲೆ ಅದರ ಕಣ್ಣು. ಗೋಡೆ ಗಟ್ಟಿಯಾಗಿದ್ದುದರಿಂದ ಅದರ ಉಗುರು ನಾಟುತ್ತಿರಲಿಲ್ಲ. ಒಳಗಿನವಳೇ ಗೋಡೆ ಒಡೆದರೆ ತನ್ನ ಕೆಲಸ ಸಲೀಸು ಎಂದು ಅದು ಲೆಕ್ಕ ಹಾಕಿತು. ಗರಿಯಿಲ್ಲದ ತಾಯಿ ಹೊರಗೆ ಬಂದರೆ ಬೀಳುತ್ತಾಳೆ, ಮರಿ ತನಗೆ ಸಿಗುತ್ತದೆ. ಗಂಡಹೆಂಡಿರ ಮಾತು ಕೇಳಿಸಿಕೊಂಡ ಉಡ ಮೆಲ್ಲಗೆ ಮರ ಹತ್ತಿತು.

"ಅಕ್ಕಾ, ಹೇಳಬಾರದು, ಆದರೂ ಮನಸ್ಸು ತಡೆಯುವುದಿಲ್ಲ," ಎಂದಿತು ಉಡ. "ಭಾವ ಗುಡ್ಡದಾಚೆ ಇನ್ನೊಂದು ಪೊಟರೆಗೂ ಹಣ್ಣು ಕೊಡುತ್ತಿದ್ದಾನೆ. ಅದಕ್ಕೇ ತಡ. ಅದಕ್ಕೇ ನಿನಗೆ ಕಡಿಮೆ."

"ಬಾಯಿ ಮುಚ್ಚು," ಎಂದಳು ಚೆನ್ನಕ್ಕ.

ಬಾಯೇನೋ ಮುಚ್ಚಿಸಿದಳು. ಆದರೆ ಆ ಮಾತು ಹೊಟ್ಟೆಯೊಳಗೆ ಕೂತುಬಿಟ್ಟಿತು. ಗಾಳಿಯಿಲ್ಲದ ದಿನ ಗಾಳಿ ಎಂದವನು ಇನ್ನೇನು ಮುಚ್ಚಿಡುತ್ತಿದ್ದಾನೋ ಎಂದು ಅವಳು ಒಳಗೊಳಗೇ ಬೇಯತೊಡಗಿದಳು.

ಮರುದಿನ ಬೆಳಿಗ್ಗೆ ಹೋದ ದುಗ್ಗಣ್ಣ ಮಧ್ಯಾಹ್ನ ಕಳೆದರೂ ಬರಲೇ ಇಲ್ಲ. ಮರಿ ಹಸಿವಿನಿಂದ ಅಳುತ್ತಿತ್ತು.

"ನೋಡಿದೆಯಾ ಅಕ್ಕಾ," ಎಂದು ಉಡ ಮತ್ತೆ ಬಂತು. "ಇನ್ನು ಅವನ ದಾರಿ ಕಾದರೆ ಮಗು ಉಳಿಯುವುದಿಲ್ಲ. ಗೋಡೆ ಒಡೆ. ನೀನು ಹಣ್ಣು ಹುಡುಕು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ."

ಚೆನ್ನಕ್ಕನಿಗೆ ದುಃಖ ಉಕ್ಕಿ ಬಂತು. ಇಷ್ಟು ವರ್ಷ ನಂಬಿದ್ದಕ್ಕೆ ಇದೇ ಫಲವೇ ಎಂದುಕೊಂಡು ಗೋಡೆಯನ್ನು ಕುಕ್ಕತೊಡಗಿದಳು. ಮಣ್ಣು ಪುಡಿಪುಡಿಯಾಗಿ ಉದುರಿತು. ಸಂದು ಅಗಲವಾಯಿತು. ಉಡ ನಾಲಿಗೆ ಚಾಚಿಕೊಂಡು ಹತ್ತಿರ ಸರಿಯಿತು.

ಅಷ್ಟರಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತ ಕೆಂಚಣ್ಣ ಎಂಬ ಕೆಂದಳಿಲು ಬಂತು. ದುಗ್ಗಣ್ಣನಿಗೂ ಅದಕ್ಕೂ ಚಿಕ್ಕಂದಿನಿಂದ ಸ್ನೇಹ. ಬಾಯಲ್ಲಿ ಒಂದು ಗೊಂಚಲು ಅತ್ತಿಹಣ್ಣಿತ್ತು.

"ಅತ್ತಿಗೆ, ಗೋಡೆ ಒಡೆಯಬೇಡಿ," ಎಂದಿತು ಕೆಂಚಣ್ಣ, ಹಣ್ಣನ್ನು ಕೊಂಬೆಯ ಮೇಲಿಟ್ಟು. "ದುಗ್ಗಣ್ಣ ಗುಡ್ಡದ ಮೇಲೆ ಕೂತಿದ್ದಾನೆ. ರೆಕ್ಕೆ ಎತ್ತಲು ಆಗುತ್ತಿಲ್ಲ. ಮುದುಕನಾಗಿದ್ದಾನೆ, ಅಷ್ಟೇ. ಬೇರೇನೂ ಆಗಿಲ್ಲ."

"ಸ್ನೇಹಿತನ ತಪ್ಪು ಮುಚ್ಚಲು ಬಂದಿದ್ದಾನೆ," ಎಂದಿತು ಉಡ. "ನಂಬಬೇಡ ಅಕ್ಕಾ."

ಚೆನ್ನಕ್ಕ ಕುಕ್ಕುವುದನ್ನು ನಿಲ್ಲಿಸಿದಳು. ಒಂದು ಕಡೆ ಉಡ, ಒಂದು ಕಡೆ ಅಳಿಲು, ಬೆನ್ನ ಹಿಂದೆ ಹಸಿದ ಮರಿ. ಯಾರ ಮಾತು ನಿಜವೋ ಅವಳಿಗೆ ತಿಳಿಯಲಿಲ್ಲ.

"ನಿನ್ನನ್ನು ಕಳಿಸುವಾಗ ಅವರು ಏನೆಂದರು?" ಎಂದು ಅಳಿಲನ್ನು ಕೇಳಿದಳು.

ಕೆಂಚಣ್ಣ ತಲೆ ಕೆರೆದುಕೊಂಡಿತು. "ನಿಜ ಹೇಳಲೇ? ಅವನು ನನ್ನನ್ನು ಕಳಿಸಲೇ ಇಲ್ಲ. 'ಚೆನ್ನಿಗೆ ಹೇಳಬೇಡ ಮಾರಾಯ, ಹೆದರಿಕೊಳ್ಳುತ್ತಾಳೆ. ನಾಳೆಗೆ ನಾನೇ ಸರಿಹೋಗುತ್ತೇನೆ' ಎಂದು ಬೈದ. ಅವನ ಮಾತು ಕೇಳದೆ ನಾನೇ ಬಂದೆ."

ಚೆನ್ನಕ್ಕನ ಕಣ್ಣು ತುಂಬಿತು, ನಗುವೂ ಬಂತು. "ಇದು ಅವರದೇ ಮಾತು," ಎಂದಳು. "ಇಂಥ ಪೆದ್ದುತನ ಈ ಕಾಡಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ."

ತನ್ನ ಆಟ ಕೆಟ್ಟಿತೆಂದು ಉಡಕ್ಕೆ ಗೊತ್ತಾಯಿತು. ಸಿಕ್ಕಿದ್ದೇ ಸಾಕೆಂದು ಅಗಲವಾದ ಸಂದಿನೊಳಗೆ ಮೂತಿ ತೂರಿಸಿತು. ಒಳಗೆ ಚೆನ್ನಕ್ಕನ ದೊಡ್ಡ ಕೊಕ್ಕು ಕಾಯುತ್ತಿತ್ತು. ಇಕ್ಕಳದಲ್ಲಿ ಹಿಡಿದ ಹಾಗೆ ಮೂತಿಯನ್ನು ಹಿಡಿದು ತಿರುಚಿದಳು. ಉಡ ಒದ್ದಾಡಿತು, ಕಿರುಚಲೂ ಆಗಲಿಲ್ಲ. ಅವಳು ಬಿಟ್ಟಾಗ ಕೊಂಬೆಗಳಿಗೆ ಬಡಿಯುತ್ತ ಕೆಳಗಿನ ಮುಳ್ಳುಪೊದೆಯಲ್ಲಿ ಹೋಗಿ ಬಿತ್ತು. ಎದ್ದು ಕುಂಟುತ್ತ ಹೋದದ್ದು ಆ ಮರದ ಕಡೆ ಮತ್ತೆ ತಲೆ ಹಾಕಲಿಲ್ಲ.

ಕೊಂಬೆಯ ಮೇಲಿಟ್ಟಿದ್ದ ಹಣ್ಣನ್ನು ಕೆಂಚಣ್ಣ ಎತ್ತಿಕೊಟ್ಟಿತು, ಚೆನ್ನಕ್ಕ ತೆಗೆದುಕೊಂಡು ಮರಿಗೆ ತಿನ್ನಿಸಿದಳು. ಗಂಡನಲ್ಲದೆ ಬೇರೆಯವರು ಕೊಟ್ಟದ್ದನ್ನು ಮುಟ್ಟುವ ಪದ್ಧತಿ ಮಂಗಟ್ಟೆಗಳಲ್ಲಿ ಇರಲಿಲ್ಲ. ಮಗು ಹಸಿದಿರುವಾಗ ಪದ್ಧತಿ ಏನು ಮಾಡೀತು? ತಿನ್ನಿಸಿ, ಒಡೆದ ಗೋಡೆಗೆ ಮತ್ತೆ ಮಣ್ಣು ಮೆತ್ತಿದಳು.

ಮರುದಿನ ದುಗ್ಗಣ್ಣ ನಿಧಾನವಾಗಿ ಬಂದು ಕೊಂಬೆಯ ಮೇಲೆ ಕೂತ. ಗಂಟಲಲ್ಲಿ ಒಂದೇ ಹಣ್ಣಿತ್ತು. ಅದನ್ನು ಕೊಟ್ಟು ತಲೆ ತಗ್ಗಿಸಿದ.

"ಗಾಳಿ ಜೋರಾಗಿತ್ತೇನ್ರೀ?" ಎಂದಳು ಚೆನ್ನಕ್ಕ.

"ಇಲ್ಲ ಚೆನ್ನಿ. ನನಗೆ ವಯಸ್ಸಾಯಿತು. ಆಗುತ್ತಿಲ್ಲ."

"ಮೊದಲೇ ಹೇಳಿದ್ದರೆ ನಾನು ಗೋಡೆ ಕುಕ್ಕುತ್ತಿರಲಿಲ್ಲ," ಎಂದಳು ಅವಳು. "ನಿಮ್ಮ ರೆಕ್ಕೆ ಸೋತದ್ದಕ್ಕೆ ನಾನು ಹೆದರುವವಳಲ್ಲ. ನೀವು ಸುಳ್ಳು ಹೇಳಿದಾಗ ಮಾತ್ರ ಹೆದರಿದೆ."

ಅಂದಿನಿಂದ ದುಗ್ಗಣ್ಣ ಹತ್ತಿರದ ಬಸರಿಮರದಿಂದ ಕೈಲಾದಷ್ಟು ತಂದ. ಉಳಿದದ್ದನ್ನು ಕೆಂಚಣ್ಣ ತಂದಿತು. ಮರಿ ದುಂಡಗೆ ಬೆಳೆಯಿತು, ತಾಯಿಗೆ ಹೊಸ ಗರಿ ಬಂದವು. ಒಂದು ಬೆಳಿಗ್ಗೆ ಚೆನ್ನಕ್ಕ ಗೋಡೆ ಒಡೆದು ಮಗಳನ್ನು ಕರೆದುಕೊಂಡು ಹೊರಗೆ ಬಂದಳು.

ಮೂವರೂ ಗುಡ್ಡದ ಕಡೆ ಹಾರಿದರು. ಮಗಳಿಗೆ ಹೊಸ ಹುರುಪು, ಎಲ್ಲರಿಗಿಂತ ಮುಂದೆ ಹೋದಳು. ದುಗ್ಗಣ್ಣ ಸ್ವಲ್ಪ ದೂರ ಹಾರಿ, ಹಿಂದಿನಿಂದ ಕೂಗಿದ: "ನಿಲ್ಲು ಮಗಳೇ, ನನಗೆ ದಣಿವಾಗಿದೆ."

ಆ ಮಾತು ಅವನ ಬಾಯಿಂದ ಸಲೀಸಾಗಿ ಬಂದದ್ದು ಕಂಡು ಚೆನ್ನಕ್ಕನಿಗೆ ಸಂತೋಷವಾಯಿತು. ಮಗಳು ತಿರುಗಿ ಬಂದು ಅಪ್ಪನ ಪಕ್ಕದಲ್ಲಿ ಕೊಂಬೆಯ ಮೇಲೆ ಕೂತಳು. ಅವನು ಸುಧಾರಿಸಿಕೊಳ್ಳುವ ತನಕ ಮೂವರೂ ಅಲ್ಲೇ ಕೂತು ಮಾತಾಡಿದರು.

ನೀತಿ: ವಯಸ್ಸಾದಾಗ ಕೈಲಾಗದ್ದನ್ನು ನಮ್ಮವರ ಹತ್ತಿರ ಮುಚ್ಚಿಡಬಾರದು, ನಾವು ನಿಜ ಹೇಳಿದರೆ ಅವರು ಜೊತೆಗೆ ನಿಲ್ಲುತ್ತಾರೆ, ಮುಚ್ಚಿಟ್ಟರೆ ಕೇಡಿಗರ ಸುಳ್ಳಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.